ಪತ್ರಿಕೋದ್ಯಮ ಎಂ.ಎ.: ಎರಡು ವರ್ಷಕ್ಕೆ ಎಂಟು ಸೂತ್ರ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ಪಾಠ ಶುರು ಮಾಡಿದಾಗ ಈ ಓದು ನಾಡಿಗೇ ಹೊಸದು. ಈಗ ಮಾನಸಗಂಗೋತ್ರಿ, ಧಾರವಾಡ, ಮಂಗಳಗಂಗೋತ್ರಿ, ಶಂಕರಘಟ್ಟ ಎಲ್ಲ ಕಡೆಯೂ ವಿಭಾಗಗಳಿವೆ. ಸೀಟು ಸಿಗುತ್ತದೆ. ಓದು ಮುಗಿಸಿ ಹೊರಬರುವಾಗ ಕೈಯಲ್ಲಿ ಏನಿರುತ್ತದೆ ಎನ್ನುವುದನ್ನು ಮಾತ್ರ ಮೊದಲ ದಿನವೇ ಯೋಚಿಸಬೇಕು.

1. ಮಾಧ್ಯಮವನ್ನಷ್ಟೇ ಓದಬೇಡಿ. ಮೆಕ್‌ಲುಹಾನ್, ಶ್ರಾಮ್‌ರಂಥ ಸಂವಹನ ಸಿದ್ಧಾಂತಿಗಳು ಪರೀಕ್ಷೆಗೆ ಬೇಕು, ಓದಿಕೊಳ್ಳಿ. ಆದರೆ ಕೆಲಸ ಕೊಡುವವರಿಗೆ ಬೇಕಾದದ್ದು ನಿಮಗೆ ಇನ್ನೇನು ಗೊತ್ತು ಎಂಬುದು. ನೀರಾವರಿಯೋ ಕಾನೂನೋ ಆರೋಗ್ಯವೋ, ಯಾವುದಾದರೂ ಒಂದನ್ನು ಹಿಡಿದು ಕಿರುಪ್ರಬಂಧವನ್ನೂ ಅದರ ಮೇಲೇ ಬರೆಯಿರಿ. ಎಪಿಎಂಸಿಯಲ್ಲಿ ಹರಾಜು ಹೇಗೆ ಕೂಗುತ್ತಾರೆ, ದರ ಬಿದ್ದಾಗ ಯಾರಿಗೆ ಲಾಭ ಎಂದು ಬಲ್ಲವರು ಸುದ್ದಿಮನೆಯಲ್ಲಿ ಕಡಿಮೆ. ನಿರೂಪಕರಾಗಲು ಹಂಬಲಿಸುವವರು ಬೇಕಾದಷ್ಟಿದ್ದಾರೆ.

2. ಗ್ರಾಮಸಭೆಗೆ ಹೋಗಿ ಕೂತುಕೊಳ್ಳಿ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕ ಪರಿಶೀಲಿಸುವ ಜಮಾಬಂದಿಯೂ ಇದೆ. ಪಿಡಿಒ ಲೆಕ್ಕ ಓದುತ್ತಾರೆ, ಹಿಂದಿನ ಸಾಲಿನವರು ಗೊಣಗುತ್ತಾರೆ. ಸುದ್ದಿ ಇರುವುದು ಆ ಗೊಣಗಾಟದಲ್ಲಿ. ಸಭೆ ಮುಗಿದ ಮೇಲೆ ಹೊರಗೆ ನಿಂತು, ಬಿಲ್ಲು ಪಾಸಾದ ಚರಂಡಿ ಎಲ್ಲಿದೆ ಎಂದು ಕೇಳಿ, ನಡೆದುಕೊಂಡೇ ಹೋಗಿ ನೋಡಿ. ಚರಂಡಿ ಇದ್ದರೆ ಅದನ್ನೂ ಬರೆಯಿರಿ.

3. ಮಾಹಿತಿ ಹಕ್ಕು ಅರ್ಜಿ ಹಾಕಲು ಕಲಿಯಿರಿ. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಅರ್ಜಿ 150 ಪದ ಮೀರುವಂತಿಲ್ಲ, ವಿಷಯ ಒಂದೇ. ಬಿಗಿಯಾಗಿ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗಂತೂ ಕಂಡಿಲ್ಲ. ‘ಯಾಕೆ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆದೇಶದ ಪ್ರತಿ, ಬಿಲ್ಲಿನ ಪ್ರತಿ ಕೇಳಿ. ಉತ್ತರಕ್ಕೆ 30 ದಿನ, ಮೇಲ್ಮನವಿಗೆ ಹೋದರೆ ಇನ್ನಷ್ಟು ದಿನ. ಆದ್ದರಿಂದ ಸೆಮಿಸ್ಟರ್ ಆರಂಭದಲ್ಲೇ ಹಾಕಿಬಿಡಿ.

4. ಕನ್ನಡ ಟೈಪಿಂಗ್ ಬರಲೇಬೇಕು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಕೈಗೆ ಕೂರಲಿ, ‘ನುಡಿ’ ತಂತ್ರಾಂಶದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವುದೂ ಗೊತ್ತಿರಲಿ.

5. ದಿನಕ್ಕೊಂದು ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ತನ್ನಿ. ಮೂಲವನ್ನು ಮುಚ್ಚಿಟ್ಟು ಬರೆಯಿರಿ. ಆಮೇಲೆ ಹೆಸರು, ಅಂಕಿಗಳನ್ನು ತಾಳೆ ನೋಡಿ.

6. ಕಾನೂನನ್ನು ಪರೀಕ್ಷೆ ಮುಗಿದ ಮೇಲೂ ಮರೆಯಬೇಡಿ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರಷ್ಟೇ ಅಲ್ಲ, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದೂ ಬಯಲಾಗಬಾರದು. ಹೆಸರು ಬದಲಿಸಿ ಶಾಲೆಯ ಹೆಸರು ಹಾಕಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಅತ್ಯಾಚಾರ ಸಂತ್ರಸ್ತರ ಗುರುತಿನ ವಿಷಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ನೋಡಿ.

7. ಧ್ವನಿಯನ್ನು ಕಡೆಗಣಿಸಬೇಡಿ. ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಧ್ವನಿ ಮುದ್ರಿಸಲು ಈಗ ನಿಮ್ಮ ಕೈಯಲ್ಲೇ ಫೋನ್ ಇದೆ. ಮಂಗಳೂರಿನ ಸಾರಂಗ್‌ನಂಥ ಸಮುದಾಯ ಬಾನುಲಿ ಹತ್ತಿರದಲ್ಲಿದ್ದರೆ ಒಂದು ಕಾರ್ಯಕ್ರಮ ಕೇಳಿ ಪಡೆಯಿರಿ.

8. ಇಂಟರ್ನ್‌ಶಿಪ್‌ಗೆ ಜಿಲ್ಲಾ ಕಚೇರಿಯೇ ಮೇಲು. ಬೆಂಗಳೂರಿನ ಸ್ಟುಡಿಯೊದಲ್ಲಿ ಬಹುಪಾಲು ದಿನ ನೋಡುತ್ತ ನಿಲ್ಲಬೇಕಾಗುತ್ತದೆ. ಜಿಲ್ಲೆಯಲ್ಲಾದರೆ ಬೆಳಿಗ್ಗೆ ಡಿಸಿ ಕಚೇರಿ, ಮಧ್ಯಾಹ್ನ ಕೋರ್ಟು, ಸಂಜೆ ತಾಲ್ಲೂಕು ವರದಿಗಾರರು ಕಳಿಸಿದ್ದನ್ನು ತಿದ್ದುವ ಕೆಲಸ. ಅಚ್ಚಾದ ಪ್ರತಿಯೊಂದನ್ನೂ ದಿನಾಂಕದ ಸಮೇತ ಕತ್ತರಿಸಿಡಿ. ಡೆಸ್ಕಿನವರು ನಿಮ್ಮ ಮೂಲ ಪ್ರತಿಯಲ್ಲಿ ಏನು ಹೊಡೆದುಹಾಕಿದರು ಎಂದು ನೋಡಿ, ಅದನ್ನೂ ಪಕ್ಕದಲ್ಲೇ ಅಂಟಿಸಿ. ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಗಿಂತ ಮೊದಲು ಆ ಫೈಲನ್ನು ಮೇಜಿನ ಮೇಲಿಡಿ.