ಜಾಕೆಟ್ಟಿನೊಳಗಿನ ಪ್ಯಾಡು ಮತ್ತು 50 ಜೂಲಿನ ಲೆಕ್ಕ

ಹೆಲ್ಮೆಟ್ ಕೊಳ್ಳುವಾಗ ನಮಗೆ ಕಾನೂನಿನ ಆಸರೆ ಇದೆ. 2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತು ನಕಲಿಯಾಗಿರಬಹುದು, ಅದು ಬೇರೆ ಮಾತು. ಹುಡುಕಬೇಕಾದ್ದು ಏನು ಅನ್ನೋದಾದರೂ ಗೊತ್ತಿದೆ. ರೈಡಿಂಗ್ ಜಾಕೆಟ್, ಮೊಣಕಾಲಿನ ಗಾರ್ಡ್, ಬೆನ್ನಿನ ಪ್ಯಾಡುಗಳ ವಿಷಯದಲ್ಲಿ ಆ ಆಸರೆಯೂ ಇಲ್ಲ. ಅಂಗಡಿಯವನು "ಆರ್ಮರ್ ಇದೆ ಸಾರ್, ಸಿಇ ಸರ್ಟಿಫೈಡ್" ಅಂದರೆ ತಲೆಯಾಡಿಸಿ ದುಡ್ಡು ಕೊಟ್ಟು ಬರುವವರೇ ಹೆಚ್ಚು. ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನವೇ ಚಾರ್ಮಾಡಿ, ಆಗುಂಬೆ ಅಂತ ಬೈಕ್ ಹತ್ತುವ ಗುಂಪು ನಮ್ಮ ಕ್ಯಾಂಪಸ್ಸಿನಲ್ಲಿ ದೊಡ್ಡದಿದೆ. ಅವರು ಮೈಮೇಲೆ ಹಾಕಿಕೊಳ್ಳುವ ಆ ಪ್ಯಾಡು ನಿಜಕ್ಕೂ ಏನು ಮಾಡುತ್ತದೆ, ಏನು ಮಾಡೋದಿಲ್ಲ ಅನ್ನುವುದು ಈ ಸಲದ ಪಾಠ. ಮೊದಲ ವರ್ಷದ ಭೌತಶಾಸ್ತ್ರ ನೆನಪಿದ್ದರೆ ಸಾಕು.

ಬೈಕಿನಿಂದ ಬಿದ್ದ ದೇಹಕ್ಕೆ ಎರಡು ವೇಗಗಳಿರುತ್ತವೆ. ಒಂದು ರಸ್ತೆಯ ಉದ್ದಕ್ಕೆ, ಇನ್ನೊಂದು ನೆಲದ ಕಡೆಗೆ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಅರ್ಧ ಗೊಂದಲ ಕಳೆಯಿತು. 60 ಕಿ.ಮೀ. ವೇಗದಲ್ಲಿ ಬಿದ್ದು ಜಾರುತ್ತಿದ್ದೀರಿ ಅಂದುಕೊಳ್ಳಿ. ಡಾಂಬರು ಮತ್ತು ಬಟ್ಟೆಯ ನಡುವಿನ ಘರ್ಷಣಾಂಕ 0.6 ಅಂತ ಇಟ್ಟುಕೊಂಡರೆ ನಿಲ್ಲುವ ಹೊತ್ತಿಗೆ ಸುಮಾರು 24 ಮೀಟರ್ ಜಾರಿರುತ್ತೀರಿ, ಹತ್ತಿರಹತ್ತಿರ 3 ಸೆಕೆಂಡು. ಆ ಮೂರು ಸೆಕೆಂಡು ಕಾಯಬೇಕಾದ್ದು ಜಾಕೆಟ್ಟಿನ ಬಟ್ಟೆ ಮತ್ತು ಹೊಲಿಗೆ, ಪ್ಯಾಡಲ್ಲ. ಪ್ಯಾಡಿನ ಕೆಲಸ ಅದಕ್ಕೂ ಮೊದಲು, ಮೊಣಕೈಯೋ ಭುಜವೋ ಮೊದಲ ಸಲ ನೆಲಕ್ಕೆ ಅಪ್ಪಳಿಸುವ ಆ ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತದೆ. ನೆಲದ ಕಡೆಗಿನ ವೇಗ ನಿರ್ಧಾರವಾಗುವುದು ನೀವು ಎಷ್ಟು ಎತ್ತರದಿಂದ ಬಿದ್ದಿರಿ ಅನ್ನುವುದರ ಮೇಲೆ. ಸ್ಪೀಡೋಮೀಟರಿನಲ್ಲಿ 40 ಇತ್ತೋ 90 ಇತ್ತೋ ಅದಕ್ಕೆ ಸಂಬಂಧವಿಲ್ಲ. ಹಾಗಾಗಿ "ನಂದು ಬರೀ ಸ್ಕೂಟರ್ ಕಣೋ, ಗೇಟಿನವರೆಗೆ ಹೋಗೋದು" ಅನ್ನುವ ವಾದ ಮೊಣಕೈಯ ಮಟ್ಟಿಗೆ ನಿಲ್ಲುವುದಿಲ್ಲ. ಸ್ಕೂಟರಿನ ಸೀಟೂ ನೆಲಕ್ಕೆ ತಾಗಿಕೊಂಡೇನೂ ಇರುವುದಿಲ್ಲ.

ಯುರೋಪಿನ ಇಎನ್ 1621 ಅನ್ನುವ ಮಾನಕ ಈ ನೆಲದ ಕಡೆಗಿನ ಹೊಡೆತವನ್ನೇ ಅಳೆಯುತ್ತದೆ. ನಮ್ಮ ದೇಶದ ಒಳ್ಳೆಯ ಜಾಕೆಟ್ ಕಂಪನಿಗಳೂ ಇದನ್ನೇ ಹಿಡಿದು ನಡೆಯುತ್ತವೆ. ಪರೀಕ್ಷೆ ಸರಳ. ಉಕ್ಕಿನ ದಿಂಡಿನ ಮೇಲೆ ಪ್ಯಾಡಿಟ್ಟು 5 ಕೆಜಿ ತೂಕವನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಶಕ್ತಿ 50 ಜೂಲ್. ಪ್ಯಾಡು ದಾಟಿ ಕೆಳಗಿನ ಉಕ್ಕಿಗೆ ಎಷ್ಟು ಬಲ ತಲುಪಿತು ಅಂತ ಸೆನ್ಸರ್ ಹೇಳುತ್ತದೆ. ಭುಜ, ಮೊಣಕೈ, ಸೊಂಟದ ಪಕ್ಕ, ಮೊಣಕಾಲಿನ ಪ್ಯಾಡುಗಳಿಗೆ ಇಎನ್ 1621-1. ಇದರಲ್ಲಿ ಲೆವೆಲ್ 1 ಅನ್ನಿಸಿಕೊಳ್ಳಲು ಹೊಡೆತಗಳ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು. ಲೆವೆಲ್ 2ಕ್ಕೆ 20. ಬೆನ್ನಿನದು ಇಎನ್ 1621-2, ಇಲ್ಲಿ ಬಿಗಿ ಹೆಚ್ಚು: ಲೆವೆಲ್ 1ಕ್ಕೆ 18, ಲೆವೆಲ್ 2ಕ್ಕೆ 9. ಎದೆಯ ಪ್ಯಾಡಿಗೆ 1621-3 ಇದೆ, ಗಾಳಿಚೀಲದ ಉಡುಪಿಗೆ 1621-4.

35 ಕಿಲೋನ್ಯೂಟನ್ ಅಂದರೆ ಮೂರೂವರೆ ಟನ್ ತೂಕ. ಅಷ್ಟು ಬಿದ್ದರೆ ಕೈ ಉಳಿಯುತ್ತಾ ಅಂತ ಕೇಳಿದರೆ, ಉಳಿಯುವುದಿಲ್ಲ. ಆದರೆ ಪರೀಕ್ಷೆಯ ದಿಂಡು ಉಕ್ಕಿನದು, ಕದಲುವುದಿಲ್ಲ, ಬಗ್ಗುವುದಿಲ್ಲ. ನಮ್ಮ ಕೈಗೆ ಮಾಂಸವಿದೆ, ಕೀಲಿದೆ, ಬಿದ್ದಾಗ ಹಿಂದೆ ಸರಿಯುತ್ತದೆ. ಆದ್ದರಿಂದ ಈ ಅಂಕಿಗಳನ್ನು ಒಂದು ಪ್ಯಾಡನ್ನು ಇನ್ನೊಂದರ ಪಕ್ಕ ಇಟ್ಟು ತೂಗುವುದಕ್ಕೆ ಬಳಸಬೇಕೇ ಹೊರತು ನನ್ನ ಮೂಳೆಗೆ ಬೀಳುವ ಬಲ ಇಷ್ಟೇ ಅಂತ ಓದಬಾರದು.

ಈಗ ಪೆನ್ನು ಹಿಡಿಯೋಣ. ಆ 50 ಜೂಲನ್ನು ಪ್ಯಾಡು ಕುಗ್ಗುತ್ತಾ ನುಂಗಬೇಕು. ಬಲ ಮತ್ತು ಕುಗ್ಗಿದ ದೂರದ ಗುಣಲಬ್ಧವೇ ಕೆಲಸ. ಆರಂಭದಿಂದ ಕೊನೆಯವರೆಗೆ ಒಂದೇ ಬಲದಲ್ಲಿ ಕುಗ್ಗುವ ಆದರ್ಶ ಪ್ಯಾಡು ಇದ್ದರೆ, 9 ಕಿಲೋನ್ಯೂಟನ್ ದಾಟದಿರಲು ಅದು 5.6 ಮಿಲಿಮೀಟರ್ ಕುಗ್ಗಬೇಕು. ಅಂಥ ಪ್ಯಾಡು ಎಲ್ಲೂ ಸಿಗುವುದಿಲ್ಲ. ಸ್ಪ್ರಿಂಗಿನಂತೆ ಸೊನ್ನೆಯಿಂದ ಏರುವ ಬಲ ಅಂದುಕೊಂಡರೆ ದೂರ ಎರಡರಷ್ಟಾಯಿತು, 11 ಮಿಲಿಮೀಟರ್. ಯಾವ ಫೋಮೂ ತನ್ನ ಪೂರ್ತಿ ದಪ್ಪ ಕುಗ್ಗಲಾರದು, ಒಂದು ಹಂತದಲ್ಲಿ ಗಟ್ಟಿಯಾಗಿ ನಿಂತುಬಿಡುತ್ತದೆ. ಹಾಗಾಗಿ ಬೆನ್ನಿನ ಲೆವೆಲ್ 2 ಪ್ಯಾಡು ಒಂದೂವರೆ ಸೆಂಟಿಮೀಟರ್ ಆಸುಪಾಸು ದಪ್ಪ ಇರುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಅನೇಕ ಜಾಕೆಟ್ಟುಗಳ ಬೆನ್ನಿನ ಜೇಬಿನಲ್ಲಿ ಕೂತಿರುವ ಆ ಚಪ್ಪಟೆ ಕಪ್ಪು ಹಾಳೆ? ಅದು ಜಾಗ ಹಿಡಿಯಲು ಇಟ್ಟ ಮಾಮೂಲಿ ಫೋಮು. ಐದಾರು ಮಿಲಿಮೀಟರಿನ ಅಂಥ ಹಾಳೆ 50 ಜೂಲಿನ ಮುಂದೆ ಕಣ್ಣು ಮಿಟುಕಿಸುವುದರೊಳಗೆ ನೆಲ ಕಚ್ಚುತ್ತದೆ, ಆಮೇಲಿನದ್ದೆಲ್ಲ ನೇರ ಬೆನ್ನಿಗೆ. ಜಾಕೆಟ್ ಕೊಂಡ ದಿನವೇ ಬೆನ್ನಿನ ಜಿಪ್ ತೆಗೆದು ಅಲ್ಲಿ ಏನಿದೆ ಅಂತ ನೋಡಿ. ಭುಜ, ಮೊಣಕೈಯಲ್ಲಿ ಲೆವೆಲ್ 2 ಅಂತ ದೊಡ್ಡಕ್ಷರದಲ್ಲಿ ಬರೆದು ಬೆನ್ನಿನಲ್ಲಿ ಬರೀ ಫೋಮು ಇಡುವುದು ಈ ವ್ಯಾಪಾರದಲ್ಲಿ ಸಾಮಾನ್ಯ.

ದಪ್ಪವೇ ಎಲ್ಲ ಅಂದುಕೊಳ್ಳಬೇಡಿ, ವಸ್ತುವೂ ಮುಖ್ಯ. ಕಾರ್ನ್‌ಫ್ಲೋರಿಗೆ ನೀರು ಕಲಸಿ ಮೆಲ್ಲಗೆ ಬೆರಳಿಟ್ಟರೆ ಒಳಗೆ ಇಳಿಯುತ್ತದೆ, ಗುದ್ದಿದರೆ ಕಲ್ಲಾಗುತ್ತದೆ. ಬ್ರಿಟನ್ನಿನ ಡಿ3ಒ, ಜರ್ಮನಿಯ ಸಾಸ್‌ಟೆಕ್ ಮುಂತಾದವರ ಪ್ಯಾಡುಗಳ ಹಿಂದೆ ಇಂಥದ್ದೇ ಗುಣವಿದೆ: ವಿರೂಪದ ವೇಗ ಹೆಚ್ಚಿದಂತೆ ಬಿಗಿತ ಹೆಚ್ಚು. ಸುಮ್ಮನೆ ಕೂತಾಗ ಮೈಗೆ ಹೊಂದಿಕೊಂಡು ಬಾಗುತ್ತವೆ, ಹೊಡೆತ ಬಿದ್ದಾಗ ಅಣುಗಳ ಸರಪಳಿಗಳಿಗೆ ಜಾರಿಕೊಳ್ಳಲು ಸಮಯ ಸಾಲದೆ ಬಿಗಿಯುತ್ತವೆ. ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಗಾರ್ಡುಗಳೂ ಕೆಟ್ಟವಲ್ಲ. ಚೂಪು ಕಲ್ಲಿನ ಮೇಲೆ ಬಿದ್ದಾಗ ಬಲವನ್ನು ಹರಡುತ್ತವೆ, ಡಾಂಬರಿನ ಮೇಲೆ ಸುಲಭವಾಗಿ ಜಾರುತ್ತವೆ. ಕಾಫಿ ತೋಟದ ಮಣ್ಣುದಾರಿಯಲ್ಲಿ ಓಡಾಡುವವರಿಗೆ ಅವೇ ವಾಸಿ ಅನ್ನುವುದು ನಮ್ಮ ಅಭಿಪ್ರಾಯ. ಆದರೆ ಚಿಪ್ಪಿನ ಒಳಗೆ ನುಂಗುವ ಪದರ ಇರಲೇಬೇಕು. ಬರೀ ಪ್ಲಾಸ್ಟಿಕ್ ಚಿಪ್ಪು ಬಲವನ್ನು ಹಂಚುತ್ತದೆಯೇ ಹೊರತು ತಿನ್ನುವುದಿಲ್ಲ.

ಮೆತ್ತಗಿನ ಪ್ಯಾಡು ಹೊಡೆತಕ್ಕೆ ಗಟ್ಟಿಯಾಗುತ್ತದೆ ಅನ್ನುವ ಕಾರಣಕ್ಕೇ ಬೆರಳಿನಿಂದ ಹಿಚುಕಿ ಗುಣಮಟ್ಟ ಹೇಳಲಾಗದು. ಅಂಗಡಿಯಲ್ಲಿ ಕೈಮೇಲೆ ಪ್ಯಾಡಿಟ್ಟು ಸುತ್ತಿಗೆಯಿಂದ ಕುಟ್ಟಿ ತೋರಿಸುತ್ತಾರಲ್ಲ, ಅದನ್ನೂ ಲೆಕ್ಕ ಹಾಕಿ ನೋಡಿ. ಅರ್ಧ ಕೆಜಿ ಸುತ್ತಿಗೆ, ಸೆಕೆಂಡಿಗೆ 5 ಮೀಟರ್ ವೇಗ: ಶಕ್ತಿ 6.25 ಜೂಲ್. ಪರೀಕ್ಷೆಯ ಎಂಟನೇ ಒಂದು ಭಾಗ! ಆಟ ಚೆನ್ನಾಗಿದೆ, ಪುರಾವೆ ಅಲ್ಲ. ನಂಬಬೇಕಾದ್ದು ಪ್ಯಾಡಿನ ಮೇಲೆ ಅಚ್ಚಾಗಿರುವ ಗುರುತನ್ನು.

ಆ ಗುರುತು ಓದುವುದು ಹೀಗೆ. ಪ್ಯಾಡನ್ನು ಜೇಬಿನಿಂದ ಹೊರಗೆಳೆಯಿರಿ, ಯಾರೇನೂ ಅನ್ನುವುದಿಲ್ಲ. ತಯಾರಕರ ಹೆಸರು, ಸಿಇ ಗುರುತು, ಬೈಕ್ ಸವಾರನ ಚಿತ್ರ, ಇಎನ್ 1621ರ ಯಾವ ಭಾಗ ಮತ್ತು ಯಾವ ವರ್ಷದ ಆವೃತ್ತಿ, ಲೆವೆಲ್ 1 ಅಥವಾ 2, ಇಷ್ಟು ಅದರ ಮೇಲೆ ಕಾಣಬೇಕು. ಕೈಕಾಲಿನ ಪ್ಯಾಡಿನಲ್ಲಿ ಭಾಗದ ಅಕ್ಷರವಿರುತ್ತದೆ: ಎಸ್ ಅಂದರೆ ಭುಜ, ಇ ಮೊಣಕೈ, ಎಚ್ ಸೊಂಟ, ಕೆ ಮೊಣಕಾಲು. ಜೊತೆಗೆ ಟೈಪ್ ಎ ಅಥವಾ ಬಿ. ಎ ಅಂದರೆ ಮುಚ್ಚುವ ಜಾಗ ಚಿಕ್ಕದು, ಬಿ ಅಂದರೆ ದೊಡ್ಡದು. ಲೆವೆಲ್ 2 ಟೈಪ್ ಎ ಒಳ್ಳೆಯದೋ, ಲೆವೆಲ್ 1 ಟೈಪ್ ಬಿ ಒಳ್ಳೆಯದೋ ಅಂತ ನಮ್ಮಲ್ಲೇ ಜಗಳವಾಗಿದೆ. ದೊಡ್ಡ ಮೈಕಟ್ಟಿನವರು ಬಿ ಆರಿಸಿಕೊಳ್ಳಲಿ ಅನ್ನುವಲ್ಲಿಗೆ ರಾಜಿಯಾಯಿತು. ಬೆನ್ನಿನದಕ್ಕೆ ಎಫ್‌ಬಿ ಅಂದರೆ ಪೂರ್ತಿ ಬೆನ್ನು, ಸಿಬಿ ಅಂದರೆ ನಡುಭಾಗ ಮಾತ್ರ, ಎಲ್‌ಬಿ ಅಂದರೆ ಸೊಂಟದ ಭಾಗ.

ಇನ್ನೊಂದು ಸಣ್ಣ ಮೋಸವೂ ಇದೆ. "ಸಿಇ ಜಾಕೆಟ್" ಅಂದರೆ ಕೆಲವೊಮ್ಮೆ ಒಳಗಿನ ಪ್ಯಾಡಿಗೆ ಮಾತ್ರ ಸಿಇ, ಜಾಕೆಟ್ಟಿಗಲ್ಲ. ಜಾಕೆಟ್ಟಿನದೇ ಮಾನಕ ಇಎನ್ 17092. ಅದರ ಲೇಬಲ್ ಜಾಕೆಟ್ಟಿನ ಒಳಬದಿಗೆ ಹೊಲಿದಿರುತ್ತದೆ, ಎಎಎ, ಎಎ, ಎ ಅಂತ ದರ್ಜೆ. ಬಿ ದರ್ಜೆ ಅಂದರೆ ಉಜ್ಜುವಿಕೆ ತಡೆಯುತ್ತದೆ, ಪ್ಯಾಡಿಲ್ಲ. ಸಿ ಅಂದರೆ ಅದರ ತಿರುಗು ಮುರುಗು: ಪ್ಯಾಡುಗಳನ್ನು ಹಿಡಿದಿಡುವ ಜಾಲರಿ ಅಂಗಿ, ಜಾರಿದರೆ ಚರ್ಮ ಉಳಿಸುವ ಭರವಸೆ ಇಲ್ಲ.

ಇಷ್ಟೆಲ್ಲ ನೋಡಿ ಕೊಂಡ ಪ್ಯಾಡೂ ಜಾಗದಲ್ಲಿ ನಿಲ್ಲದಿದ್ದರೆ ದಂಡ. ನಮ್ಮ ಹಾಸ್ಟೆಲ್ಲಿನ ಗೆಳೆಯನೊಬ್ಬ ಕಳೆದ ವರ್ಷ ಘಾಟಿಯ ತಿರುವಿನಲ್ಲಿ ಜಲ್ಲಿ ಮೇಲೆ ಜಾರಿದ. ಜಾಕೆಟ್ ಒಳ್ಳೆಯದೇ, ಪ್ಯಾಡು ಲೆವೆಲ್ 2. ಆದರೆ ಒಳಗೆ ಸ್ವೆಟರ್ ಹಾಕೋಕೆ ಆಗಲಿ ಅಂತ ಒಂದು ಸೈಜ್ ದೊಡ್ಡದು ತಗೊಂಡಿದ್ದ. ತೋಳು ಸಡಿಲವಾಗಿದ್ದರಿಂದ ಬಿದ್ದ ಕ್ಷಣದಲ್ಲಿ ಪ್ಯಾಡು ಮೊಣಕೈಯಿಂದ ಒಳಬದಿಗೆ ತಿರುಗಿ ಕೂತಿತ್ತು. ಮೊಣಕೈಯ ಮೂಳೆ ಸೀಳಿತು, ತಂತಿ ಹಾಕಿ ಜೋಡಿಸಿದರು, ಒಂದು ಸೆಮಿಸ್ಟರಿನ ಲ್ಯಾಬುಗಳು ಹೋದವು. ಪ್ಯಾಡನ್ನು ಆಮೇಲೆ ನೋಡಿದರೆ ಹೊಸದರಂತೆ ಇತ್ತು.

ಅದಕ್ಕೇ ಜಾಕೆಟ್ಟನ್ನು ಕನ್ನಡಿ ಮುಂದೆ ನಿಂತು ನೋಡಬೇಡಿ. ಹೊರಗೆ ನಿಲ್ಲಿಸಿದ ಬೈಕಿನ ಮೇಲೆ ಕೂತು, ಹ್ಯಾಂಡಲ್ ಹಿಡಿದು ನೋಡಿ. ಮೊಣಕೈ ಮಡಚಿದಾಗ ಪ್ಯಾಡಿನ ಬಟ್ಟಲೊಳಗೆ ಮೂಳೆಯ ತುದಿ ಕೂರಬೇಕು. ಗೆಳೆಯನಿಗೆ ಹೇಳಿ ಆ ಪ್ಯಾಡನ್ನು ಹಿಡಿದು ತಿರುಗಿಸಲು ನೋಡಲಿ. ಎರಡು ಬೆರಳಗಲಕ್ಕಿಂತ ಹೆಚ್ಚು ಸರಿದರೆ ಸೈಜ್ ಇಳಿಸಿ, ಅಥವಾ ತೋಳಿನ ಪಟ್ಟಿ ಬಿಗಿಮಾಡಿ. ಮೊಣಕಾಲಿನದು ಇದಕ್ಕಿಂತ ರಗಳೆ: ನಿಂತಾಗ ಸರಿ ಕಂಡ ಪ್ಯಾಡು ಕೂತಾಗ ತೊಡೆಗೆ ಏರುತ್ತದೆ. ಒಳಜೇಬಿನಲ್ಲಿ ಎತ್ತರ ಹೊಂದಿಸುವ ವೆಲ್ಕ್ರೋ ಇರುವ ಪ್ಯಾಂಟನ್ನೇ ಹುಡುಕಿ. ಜೀನ್ಸ್ ಮೇಲೆ ಕಟ್ಟುವ ಗಾರ್ಡಾದರೆ ಮೊಣಕಾಲಿನ ಮೇಲೊಂದು, ಕೆಳಗೊಂದು ಪಟ್ಟಿ ಇರಲೇಬೇಕು. ಹುಡುಗಿಯರಿಗೆ ಗಂಡಸರ ಅಳತೆಯ ಜಾಕೆಟ್ ಕೊಟ್ಟು "ಚಿಕ್ಕ ಸೈಜ್ ಇದೆ ಮೇಡಂ" ಅನ್ನುವುದನ್ನು ಕೇಳಿದ್ದೇವೆ. ಭುಜ ಅಗಲವಾಗಿ ಪ್ಯಾಡು ತೋಳಿಗೆ ಇಳಿಯುತ್ತದೆ, ಬೇಡ ಅನ್ನಿ.

ಬೆನ್ನಿನ ಪ್ಯಾಡಿನ ಮೇಲೆ ಅತಿಯಾದ ನಂಬಿಕೆ ಇಡುವವರಿಗೆ ಒಂದು ಮಾತು. ನೇರವಾಗಿ ಬೀಳುವ ಹೊಡೆತ, ರಸ್ತೆಯಂಚಿನ ಕಲ್ಲು, ಇವನ್ನು ಅದು ತಡೆಯುತ್ತದೆ. ಬೆನ್ನು ವಿಪರೀತ ಬಾಗಿಯೋ ತಿರುಚಿಯೋ ಆಗುವ ಗಾಯವನ್ನು ತಡೆಯಲಾರದು. ಹಾಗೆಯೇ ರಸ್ತೆಯ ಉದ್ದಕ್ಕಿರುವ ವೇಗ ಕಂಬಕ್ಕೋ ಡಿವೈಡರಿಗೋ ಬಡಿದು ಒಮ್ಮೆಲೇ ಸೊನ್ನೆಯಾದರೆ ಯಾವ ಪ್ಯಾಡೂ ಲೆಕ್ಕಕ್ಕಿಲ್ಲ. ಅದೇ 5 ಕೆಜಿ ತೂಕಕ್ಕೆ 60 ಕಿ.ಮೀ. ವೇಗದಲ್ಲಿ ಸುಮಾರು 694 ಜೂಲ್ ಶಕ್ತಿ ಇರುತ್ತದೆ, ಪರೀಕ್ಷೆಯ ಹದಿನಾಲ್ಕು ಪಟ್ಟು. ಗಾಳಿಚೀಲದ ಉಡುಪು ಬೇರೆ ಮಟ್ಟದ್ದು. 1621-4ರ ಲೆವೆಲ್ 1ರಲ್ಲೇ ಮಿತಿ 4.5 ಕಿಲೋನ್ಯೂಟನ್. ಮೋಟೊಜಿಪಿಯಲ್ಲಿ 2018ರಿಂದ ಅದು ಕಡ್ಡಾಯ. ವಿದ್ಯಾರ್ಥಿಯ ಜೇಬಿಗೆ ಸದ್ಯಕ್ಕೆ ದೂರ.

ಹಾಗಾದರೆ ಇದೆಲ್ಲ ಹಾಕಿ ಪ್ರಯೋಜನ ಇದೆಯಾ? ಆಸ್ಟ್ರೇಲಿಯಾದಲ್ಲಿ ಲಿಜ್ ಡಿ ರೋಮ್ ಮತ್ತು ಜೊತೆಗಾರರು ಅಪಘಾತಕ್ಕೊಳಗಾದ 212 ಸವಾರರನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಪ್ಯಾಡುಳ್ಳ ಉಡುಪು ತೊಟ್ಟವರಲ್ಲಿ ದೇಹದ ಮೇಲ್ಭಾಗಕ್ಕೆ ಗಾಯವಾಗುವ ಸಂಭವ 23%, ಕಾಲಿಗೆ 40%, ಕೈ-ಮಣಿಕಟ್ಟಿಗೆ 45% ಕಡಿಮೆ ಕಂಡಿತು. ಅದೇ ಅಧ್ಯಯನದಲ್ಲಿ ಸುಮಾರು 30% ಜಾಕೆಟ್ಟುಗಳು ಬಿದ್ದಾಗ ಹರಿದೋ ಹೊಲಿಗೆ ಬಿಚ್ಚಿಯೋ ಸೋತಿದ್ದವು. ನಾವು ದುಡ್ಡು ಹಂಚುವ ಕ್ರಮಕ್ಕೆ ಇದು ದಾರಿ ತೋರಿಸುತ್ತದೆ: ಹೆಲ್ಮೆಟ್ ಆದ ಮೇಲೆ ಕೈಗವಸು, ಪಾದದ ಗಂಟು ಮುಚ್ಚುವ ಬೂಟು, ಮೊಣಕಾಲಿನ ಗಾರ್ಡು, ಆಮೇಲೆ ಜಾಕೆಟ್ಟು. ನಮ್ಮ ಹುಡುಗರು ಮಾಡುವುದು ಇದರ ಉಲ್ಟಾ, ಫೋಟೋದಲ್ಲಿ ಜಾಕೆಟ್ಟೇ ಕಾಣೋದು ಅಲ್ವಾ. ಬಜೆಟ್ ಬಿಗಿಯಿದ್ದರೆ ಲೆವೆಲ್ 1 ಪ್ಯಾಡಿನ, ಗಟ್ಟಿ ಹೊಲಿಗೆಯ ಜಾಕೆಟ್ ತಗೊಂಡು ಬೆನ್ನಿಗೆ ಮಾತ್ರ ಲೆವೆಲ್ 2 ಪ್ಯಾಡು ಬಿಡಿಯಾಗಿ ಕೊಳ್ಳಿ. ಬಿಡಿ ಪ್ಯಾಡು ಎಲ್ಲ ಕಡೆ ಸಿಗುತ್ತದೆ, ಜೇಬಿನ ಅಳತೆ ಮೊದಲೇ ತೆಗೆದುಕೊಂಡು ಹೋಗಿ.

ಕೊನೆಗೆ ಬಿಸಿಲಿನ ವಿಷಯ. ಮೆತ್ತಗಿನ ಪ್ಯಾಡುಗಳ ವರ್ತನೆ ತಾಪಮಾನದೊಂದಿಗೆ ಬದಲಾಗುತ್ತದೆ. ಚಳಿಯಲ್ಲಿ ಬಿಗಿಯುತ್ತವೆ, ಸೆಕೆಯಲ್ಲಿ ಸಡಿಲವಾಗುತ್ತವೆ. ಮಾನಕದಲ್ಲಿ ಐಚ್ಛಿಕವಾಗಿ 40 ಡಿಗ್ರಿಯಲ್ಲೂ ಮೈನಸ್ 10 ಡಿಗ್ರಿಯಲ್ಲೂ ಪರೀಕ್ಷೆ ಉಂಟು. ಪಾಸಾದ ಪ್ಯಾಡಿನ ಮೇಲೆ ಟಿ ಪ್ಲಸ್, ಟಿ ಮೈನಸ್ ಅಂತ ಗುರುತಿರುತ್ತದೆ. ರಾಯಚೂರು, ಕಲಬುರಗಿ ಕಡೆಯವರು ಟಿ ಪ್ಲಸ್ ಇಲ್ಲದ ಪ್ಯಾಡನ್ನು ಮುಟ್ಟಲೇಬಾರದು, ಏಪ್ರಿಲ್‌ನಲ್ಲಿ ಅಲ್ಲಿನ ನೆರಳೇ 40 ಡಿಗ್ರಿ ದಾಟುತ್ತದೆ. ಕ್ಲಾಸಿಗೆ ಹೋಗುವಾಗ ಕಪ್ಪು ಜಾಕೆಟ್ಟನ್ನು ಟ್ಯಾಂಕಿನ ಮೇಲೆ ಬಿಸಿಲಿಗೆ ಹರಡಿ ಹೋಗುವ ಅಭ್ಯಾಸವನ್ನೂ ಬಿಡಿ. ಒಗೆಯುವಾಗ ಪ್ಯಾಡುಗಳನ್ನು ತೆಗೆದಿಟ್ಟು, ಒದ್ದೆ ಬಟ್ಟೆಯಲ್ಲಿ ಬೆವರು ಒರೆಸಿ ನೆರಳಲ್ಲಿ ಒಣಗಿಸಿ. ಎಡ-ಬಲ ಗುರುತು ನೋಡಿಕೊಂಡು ವಾಪಸ್ ತೂರಿಸಿ. ಹಾಸ್ಟೆಲ್ ಧೋಬಿಯಿಂದ ಬಂದ ಜಾಕೆಟ್ಟುಗಳಲ್ಲಿ ಮೊಣಕೈಯ ಬಟ್ಟಲು ಹೊರಮುಖವಾಗಿ ಕೂತಿದ್ದನ್ನು ಈ ವರ್ಷವೇ ಎರಡು ಸಲ ನೋಡಿದ್ದೇವೆ.