ಬೈಬಲ್ ಬರೆದದ್ದು ಯಾರು? ಪ್ರಶ್ನೆಗೆ ಹೆದರದ ನಂಬಿಕೆ

ವಾಕ್ಯಭಾಗ: ಲೂಕ 1:1-4, ಮಾರ್ಕ 16:8-20

ಬೈಬಲ್ ತೆರೆಯೋಣ. ಮೊಬೈಲ್‌ನಲ್ಲಿ ಓದುವವರು ಮೊಬೈಲ್ ತೆರೆಯಿರಿ, ಆದರೆ ವಾಟ್ಸಾಪ್ ಬೇಡ!

ಇವತ್ತು ಮೊದಲು ನನ್ನದೊಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ, ಇಲ್ಲೇ ನಿಟ್ಟೆಯಲ್ಲಿ ಓದುತ್ತಿದ್ದ ಒಬ್ಬ ತಮ್ಮ ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದ. "ಪಾಸ್ಟರ್, ರೂಮ್‌ಮೇಟ್ ಒಬ್ಬ ಕೇಳ್ತಾನೆ. ಮತ್ತಾಯನ ಸುವಾರ್ತೆಯಲ್ಲಿ ಮತ್ತಾಯನೇ ಬರೆದದ್ದು ಅಂತ ಎಲ್ಲಿ ಉಂಟು? ಮಾರ್ಕನ ಕೊನೇ ಭಾಗ ಹಳೇ ಪ್ರತಿಗಳಲ್ಲಿ ಇಲ್ಲವಂತೆ, ಹೌದಾ?" ನನಗೆ ಉತ್ತರ ಸ್ವಲ್ಪ ಗೊತ್ತಿತ್ತು. ಬೈಬಲ್ ಕಾಲೇಜಿನಲ್ಲಿ ಓದಿದ್ದೆ. ಆದರೂ ನಾನು ಹೇಳಿದ್ದು, "ಅದೆಲ್ಲ ಸೈತಾನನ ಪ್ರಶ್ನೆ, ಪ್ರಾರ್ಥನೆ ಜಾಸ್ತಿ ಮಾಡು." ಅವನು ತಲೆ ಆಡಿಸಿ ಹೋದ. ಎರಡು ಮೂರು ವಾರ ಬಂದ, ಆಮೇಲೆ ಬರಲಿಲ್ಲ. ಪ್ರಶ್ನೆಯಿಂದ ಅವನ ನಂಬಿಕೆ ಹೋಯಿತೋ, ನನ್ನ ಉತ್ತರದಿಂದ ಹೋಯಿತೋ? ಈ ಮಾತು ನನ್ನನ್ನು ಬಿಟ್ಟಿಲ್ಲ. ಅವನಿಗೆ ಅವತ್ತು ಕೊಡದ ಉತ್ತರವನ್ನು ಇವತ್ತು ನಿಮಗೆ ಕೊಡುತ್ತೇನೆ.

1. ದೇವರು ಮನುಷ್ಯರ ಕೈಯಿಂದ ಬರೆಸಿದರು

ಲೂಕನು ತನ್ನ ಸುವಾರ್ತೆಯನ್ನು ಹೇಗೆ ಶುರು ಮಾಡುತ್ತಾನೆ ನೋಡಿ. ನನಗೆ ದರ್ಶನ ಆಯಿತು ಅಂತ ಹೇಳುವುದಿಲ್ಲ. ಕಣ್ಣಾರೆ ಕಂಡವರಿಂದ ಬಂದ ವಿಷಯವನ್ನು ಮೊದಲಿನಿಂದ ವಿಚಾರಿಸಿ, ಕ್ರಮವಾಗಿ ಬರೆದಿದ್ದೇನೆ ಎನ್ನುತ್ತಾನೆ. ಯೆರೆಮೀಯ 36ರಲ್ಲಿ ಪ್ರವಾದಿ ಹೇಳುತ್ತಾನೆ, ಬಾರೂಕ ಬರೆಯುತ್ತಾನೆ. ಅರಸನು ಆ ಸುರುಳಿಯನ್ನು ಸುಟ್ಟಾಗ ಮತ್ತೆ ಬರೆಯುತ್ತಾರೆ, ಇನ್ನೂ ಕೆಲವು ಮಾತುಗಳು ಸೇರುತ್ತವೆ. ರೋಮಾಪುರದವರಿಗೆ ಬರೆದ ಪತ್ರ ಪೌಲನದ್ದು, ಆದರೆ 16:22ರಲ್ಲಿ ಲೇಖನಿ ಹಿಡಿದ ತೆರ್ತ್ಯನು ತಾನೇ ವಂದನೆ ಹೇಳುತ್ತಾನೆ. ಪವಿತ್ರಾತ್ಮನು ಇವರೆಲ್ಲರನ್ನೂ ನಡೆಸಿದನು ಎಂದು ನಾವು ನಂಬುತ್ತೇವೆ. ಹಾಗಂತ ಅವರ ವಿಚಾರಣೆ, ಶ್ರಮ, ಶೈಲಿ ಯಾವುದನ್ನೂ ಅಳಿಸಲಿಲ್ಲ.

ನಮ್ಮ ಕರಾವಳಿಗೂ ವಾಕ್ಯ ಬಂದದ್ದು ಹಾಗೆಯೇ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಅಲ್ಲಿ ಅಚ್ಚುಕೂಟ ಶುರುವಾಯಿತು, 1847ರಲ್ಲಿ ಅಮ್ಮನ್ ಎಂಬ ಮಿಷನರಿಯ ಅನುವಾದದಲ್ಲಿ ತುಳು ಹೊಸ ಒಡಂಬಡಿಕೆ ಹೊರಬಂತು. ಭಾಷೆ ಕಲಿತು, ಬರೆದು, ತಿದ್ದಿ ಮಾಡಿದ ಕೆಲಸ ಅದು. ಮನುಷ್ಯರು ಕೈ ಹಾಕಿದ್ದಾರೆ ಅಂತ ಅದು ದೇವರ ವಾಕ್ಯ ಆಗದೆ ಹೋಯಿತಾ? ಇಲ್ಲ.

2. ಹೆಸರು ಇಲ್ಲದ ಕಡೆ ನಾವು ಹೆಸರಿಗೆ ಹಟ ಹಿಡಿಯಬಾರದು

ನಾಲ್ಕು ಸುವಾರ್ತೆಗಳ ಒಳಗೆ ಎಲ್ಲಿಯೂ "ನಾನು ಮತ್ತಾಯ, ನಾನು ಮಾರ್ಕ" ಎಂದು ಬರೆದಿಲ್ಲ. ರೂಮ್‌ಮೇಟ್ ಹೇಳಿದ್ದು ಸರಿ. ಆ ಹೆಸರುಗಳು ಆದಿ ಸಭೆಯ ಸಾಕ್ಷಿಯಿಂದ ಬಂದವು. ಸುಮಾರು 180ರಲ್ಲಿ ಲಿಯಾನ್ ಪಟ್ಟಣದ ಸಭಾಧ್ಯಕ್ಷ ಐರೇನಿಯಸ್ ನಾಲ್ಕೂ ಹೆಸರುಗಳನ್ನು ಹೇಳುತ್ತಾನೆ. ಆ ಸಾಕ್ಷಿಗೆ ಬೆಲೆ ಉಂಟು, ನಾನು ಅದನ್ನು ಒಪ್ಪುತ್ತೇನೆ. ಒಪ್ಪದ ಪಂಡಿತರೂ ತುಂಬಾ ಜನ ಇದ್ದಾರೆ. ಇಬ್ರಿಯರಿಗೆ ಬರೆದ ಪತ್ರದಲ್ಲೂ ಹೆಸರಿಲ್ಲ. ಅದನ್ನು ಬರೆದದ್ದು ಯಾರೆಂದು ದೇವರಿಗೇ ಗೊತ್ತು ಎಂದು ಮೂರನೇ ಶತಮಾನದಲ್ಲೇ ಒರಿಗನ್ ಹೇಳಿಬಿಟ್ಟ. ಧರ್ಮೋಪದೇಶಕಾಂಡ 34ರಲ್ಲಿ ಮೋಶೆಯ ಮರಣ ಉಂಟು. ಅಷ್ಟು ಭಾಗವನ್ನಾದರೂ ಇನ್ನೊಬ್ಬರು ಬರೆದಿರಬೇಕು ಎಂದು ಹಳೇ ಕಾಲದ ಯೆಹೂದಿ ಗುರುಗಳೇ ಚರ್ಚೆ ಮಾಡಿದ್ದಾರೆ.

ಪಿಯುಸಿಯಲ್ಲಿ ಕನ್ನಡ ತೆಗೆದುಕೊಂಡವರು ಕವಿರಾಜಮಾರ್ಗದ ಹೆಸರು ಕೇಳಿದ್ದೀರಿ. ಅದನ್ನು ಬರೆದದ್ದು ಅರಸ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ ಎಂದು ವಿದ್ವಾಂಸರು ವಾದ ಮಾಡಿದ್ದಾರೆ. ಈಗ ಹೆಚ್ಚಿನವರು ಶ್ರೀವಿಜಯ ಎನ್ನುತ್ತಾರೆ. ಅಷ್ಟಕ್ಕೆ ಒಂಬತ್ತನೇ ಶತಮಾನದ ಆ ಗ್ರಂಥ ಸುಳ್ಳಾಯಿತು ಅಂತ ಯಾರೂ ಬಿಸಾಡಲಿಲ್ಲ. ಯಾರು ಬರೆದರು ಎನ್ನುವುದು ಒಂದು ಪ್ರಶ್ನೆ. ಬರೆದದ್ದು ನಿಜವಾ ಎನ್ನುವುದು ಇನ್ನೊಂದು. ಎರಡನ್ನೂ ಕಲಸಿಬಿಟ್ಟರೆ ಗಲಿಬಿಲಿ ಆಗುತ್ತದೆ.

3. ನಮಗೇ ತಾಗುವ ಪ್ರಶ್ನೆ: ಮಾರ್ಕ 16

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ನಂಬುವವರು ಹೊಸ ಭಾಷೆಗಳಿಂದ ಮಾತಾಡುವರು, ರೋಗಿಗಳ ಮೇಲೆ ಕೈಯಿಡುವರು ಎಂಬ ಮಾತು ಮಾರ್ಕ 16:17-18ರಲ್ಲಿ ಉಂಟು. ಪೆಂತೆಕೊಸ್ತ್ ಸಭೆಯಲ್ಲಿ ಇದಕ್ಕಿಂತ ಪ್ರಿಯವಾದ ವಚನ ಯಾವುದು? ಆದರೆ ನಾಲ್ಕನೇ ಶತಮಾನದ ಎರಡು ಮುಖ್ಯ ಪ್ರತಿಗಳು, ಸೀನಾಯ್ ಪ್ರತಿ ಮತ್ತು ವ್ಯಾಟಿಕನ್ ಪ್ರತಿ, 8ನೇ ವಚನಕ್ಕೆ ಮುಗಿಯುತ್ತವೆ. 9ರಿಂದ 20ರ ತನಕದ ಭಾಗ ಮಾರ್ಕನ ಕೈಯದಲ್ಲ ಎಂದು ಹೆಚ್ಚಿನ ಪಂಡಿತರು ಹೇಳುತ್ತಾರೆ. ಇನ್ನೊಂದು ಕಡೆ, ಐರೇನಿಯಸ್ 19ನೇ ವಚನವನ್ನು ಮಾರ್ಕನದ್ದೇ ಎಂದು ಬಳಸಿದ್ದಾನೆ. ಆದ್ದರಿಂದ ಆ ಭಾಗ ತುಂಬಾ ಹಳೆಯದು ಎನ್ನುವುದೂ ನಿಜ.

ಹಾಗಾದರೆ ನಮ್ಮ ಅಭಿಷೇಕ ಸುಳ್ಳಾ? ಅಲ್ಲ, ಪ್ರಿಯರೇ. ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ಹಾಗೆಯೇ ಉಂಟು. 1 ಕೊರಿಂಥ 12, 14 ಉಂಟು. ಯಾಕೋಬ 5:14 ಉಂಟು. ಆದರೆ ಹಾವು ಹಿಡಿದು, ವಿಷ ಕುಡಿದು ನಂಬಿಕೆ ತೋರಿಸುತ್ತೇನೆ ಎಂದು ಹೊರಟು ಸತ್ತವರು ಅಮೆರಿಕದ ಕೆಲವು ಸಭೆಗಳಲ್ಲಿ ಇದ್ದಾರೆ. ಅವರು ಹಿಡಿದದ್ದು ಇದೇ ವಚನ. ಪ್ರತಿಗಳನ್ನು ಹೋಲಿಸಿ ನೋಡುವುದು ಕೆಲಸವಿಲ್ಲದವರ ಹವ್ಯಾಸ ಅಂತ ಇನ್ನು ಹೇಳಬೇಡಿ.

ಆ ಕೆಲಸ ನಾಸ್ತಿಕರದ್ದೂ ಅಲ್ಲ. 1872ರಲ್ಲಿ ಮಂಗಳೂರಿನಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಕಿಟ್ಟೆಲ್ ಒಬ್ಬ ಮಿಷನರಿ. ಹಳೇ ಗ್ರಂಥವನ್ನು ಪ್ರೀತಿಸುವವನೇ ಅದರ ಸರಿಯಾದ ಪಾಠ ಯಾವುದು ಎಂದು ಹುಡುಕುತ್ತಾನೆ.

4. ಕಲ್ಲು ಎಷ್ಟು ಹೇಳುತ್ತದೆ?

ಕಾರ್ಕಳದ ಗೊಮ್ಮಟಬೆಟ್ಟಕ್ಕೆ ನೀವೆಲ್ಲ ಹೋಗಿದ್ದೀರಿ. ಆ ಮೂರ್ತಿಯನ್ನು ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಎಂದು ನಮಗೆ ಹೇಗೆ ಗೊತ್ತು? ಅಲ್ಲಿನ ಶಾಸನದಿಂದ. ಹಾಗೆಯೇ 1961ರಲ್ಲಿ ಕೈಸರೈಯದಲ್ಲಿ ಪೊಂತ್ಯ ಪಿಲಾತನ ಹೆಸರಿರುವ ಕಲ್ಲು ಸಿಕ್ಕಿತು. ಕೃತ್ಯಗಳು 18:12ರಲ್ಲಿ ಬರುವ ಗಲ್ಲಿಯೋನನ ಹೆಸರು ಗ್ರೀಸ್ ದೇಶದ ಡೆಲ್ಫಿಯ ಶಾಸನದಲ್ಲಿ ಉಂಟು. ಅದರಿಂದ ಪೌಲನು ಕೊರಿಂಥದಲ್ಲಿದ್ದ ಕಾಲ ಸುಮಾರು 51 ಎಂದು ಲೆಕ್ಕ ಸಿಗುತ್ತದೆ.

ಕಲ್ಲು ಸಿಕ್ಕಿದಾಗ ಹಲ್ಲೆಲೂಯಾ ಹೇಳಿ, ಲೆಕ್ಕ ಕೂಡದಾಗ ಬಾಯಿ ಮುಚ್ಚುವುದು ಸರಿಯಲ್ಲ. ಲೂಕ 2:2ರ ಕುರೇನ್ಯನ ಜನಗಣತಿಯನ್ನು ಜೋಸೆಫಸ್ ಎಂಬ ಯೆಹೂದಿ ಇತಿಹಾಸಕಾರ ಹೇಳುವ ಪ್ರಕಾರ ಕ್ರಿ.ಶ. 6ಕ್ಕೆ ಇಡುತ್ತಾರೆ. ಹೆರೋದನು ಸತ್ತದ್ದು ಸಾಮಾನ್ಯವಾಗಿ ಒಪ್ಪಿದ ಲೆಕ್ಕದಲ್ಲಿ ಕ್ರಿ.ಪೂ. 4. ಇದಕ್ಕೆ ಕೊಟ್ಟ ವಿವರಣೆಗಳು ಹಲವು ಉಂಟು, ಎಲ್ಲರೂ ಒಪ್ಪಿದ್ದು ಒಂದೂ ಇಲ್ಲ. ಯಾರಾದರೂ ಕೇಳಿದರೆ ಹಾಗೆಯೇ ಹೇಳಿ.

ಮತ್ತು ಕಲ್ಲಿಗೂ ಮಿತಿ ಉಂಟು. ಶಾಸನ ಪಿಲಾತನು ಇದ್ದ ಎಂದು ಹೇಳಬಹುದು, ಯೇಸು ಎದ್ದ ಎಂದು ಹೇಳಲಾರದು. ಅದಕ್ಕೆ ಸಾಕ್ಷಿಗಳು ಬೇಕು. 1 ಕೊರಿಂಥ 15ನ್ನು ಪೌಲನು ಸುಮಾರು 55ರಲ್ಲಿ ಬರೆದ. ಈ ಪತ್ರ ಪೌಲನದ್ದೇ ಎಂದು ನಂಬದ ಪಂಡಿತರೂ ಒಪ್ಪುತ್ತಾರೆ. ಎದ್ದ ಕರ್ತನನ್ನು ಐನೂರಕ್ಕಿಂತ ಹೆಚ್ಚು ಮಂದಿ ಕಂಡರು, ಅವರಲ್ಲಿ ಹೆಚ್ಚಿನವರು ಈಗಲೂ ಇದ್ದಾರೆ ಎನ್ನುತ್ತಾನೆ. ಬೇಕಾದರೆ ಹೋಗಿ ವಿಚಾರಿಸಿ ಅಂತ ಹೇಳಿದ ಹಾಗೆ. ನನ್ನ ನಂಬಿಕೆ ನಿಂತಿರುವುದು ಆ ಸಾಕ್ಷಿಯ ಮೇಲೆ, ಮತ್ತು ಆ ಕರ್ತನು ನನ್ನ ಜೀವಿತದಲ್ಲಿ ಮಾಡಿದ್ದರ ಮೇಲೆ.

ಈ ವಾರ ಎರಡು ಕೆಲಸ ಮಾಡಿ. ಮಾರ್ಕನ ಸುವಾರ್ತೆಯನ್ನು ಒಂದೇ ಸಲ ಕೂತು, 16:8ರ ತನಕ ಓದಿ, ಅಲ್ಲಿ ಸ್ವಲ್ಪ ನಿಲ್ಲಿ. ಎರಡನೇದು, ನಿಮ್ಮ ಹತ್ತಿರ ಇರುವ ಪ್ರಶ್ನೆಯನ್ನು ಬರೆದು ಶುಕ್ರವಾರದ ಯೌವನಸ್ಥರ ಕೂಟಕ್ಕೆ ತನ್ನಿ. ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಒಟ್ಟಿಗೆ ಓದೋಣ. ಪೌಲನ ಮಾತನ್ನೇ ದಿನಾಲೂ ಶಾಸ್ತ್ರ ತೆರೆದು ಪರಿಶೋಧಿಸಿದ ಬೆರೋಯದವರನ್ನು ಕೃತ್ಯಗಳು 17:11 ಹೊಗಳುತ್ತದೆ, ಬೈಯುವುದಿಲ್ಲ.

ಆ ತಮ್ಮನ ನಂಬರ್ ಇನ್ನೂ ನನ್ನ ಫೋನಿನಲ್ಲಿ ಉಂಟು. ಈ ಸಂದೇಶವನ್ನು ಮೊದಲು ಅವನಿಗೇ ಕಳಿಸುತ್ತೇನೆ, ಕ್ಷಮೆಯನ್ನೂ ಕೇಳುತ್ತೇನೆ. ಅವನಿಗೋಸ್ಕರ ಪ್ರಾರ್ಥಿಸೋಣ. ತಲೆ ಬಾಗಿಸಿ, ಕಣ್ಣು ಮುಚ್ಚೋಣ.

ಸತ್ಯಸ್ವರೂಪನಾದ ತಂದೆಯೇ, ಸತ್ಯವನ್ನು ಹುಡುಕುವ ಮಕ್ಕಳನ್ನು ನಾವು ಓಡಿಸದ ಹಾಗೆ ನಮಗೆ ತಾಳ್ಮೆ ಕೊಡು. ಗೊತ್ತಿಲ್ಲ ಎಂದು ಹೇಳುವ ಧೈರ್ಯ ಕೊಡು. ನಿನ್ನ ವಾಕ್ಯವನ್ನು ಭಯದಿಂದ ಕಾಯುವವರಾಗದೆ ಪ್ರೀತಿಯಿಂದ ಓದುವವರಾಗಲು ಸಹಾಯಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.