ಮದರಂಗಿ, ಸುರ್ಮಾ, ಮಿಸ್ವಾಕ್: ವಿಜ್ಞಾನ ಹೇಳುವುದೇನು?

ಈದುಲ್ ಫಿತ್ರ್ ರಜೆ ಮುಗಿದು ಮದ್ರಸ ಆರಂಭವಾದ ದಿನ, ಐದನೇ ತರಗತಿಯ ಒಬ್ಬಳು ಹುಡುಗಿ ಬಲಗೈಯನ್ನು ಶಾಲಿನೊಳಗೆ ಅಡಗಿಸಿಕೊಂಡೇ ಕುಳಿತಿದ್ದಳು. ಬರೆಯಲು ಹೇಳಿದಾಗ ಕೈ ಹೊರಬಂತು. ಹಬ್ಬದ ಹಿಂದಿನ ರಾತ್ರಿ ಹಚ್ಚಿದ ಮದರಂಗಿಯ ಬಳ್ಳಿ, ಹೂ, ಎಲೆ ಎಲ್ಲವೂ ಹಾಗೆಯೇ ಇದ್ದವು. ಆದರೆ ಬಣ್ಣವಾಗಿ ಅಲ್ಲ, ನೀರು ತುಂಬಿದ ಗುಳ್ಳೆಗಳಾಗಿ. “ಹತ್ತೇ ನಿಮಿಷದಲ್ಲಿ ಕಪ್ಪಾಗುವ ಕೋನ್ ಉಸ್ತಾದ್” ಎಂದಳು. ಸಂಜೆ ಅವಳ ತಂದೆಯನ್ನು ಕಂಡೆ. “ಮದರಂಗಿ ಅಲ್ವಾ ಉಸ್ತಾದ್, ಎಲೆಯದ್ದು, ಸುನ್ನತ್ತಿನ ವಸ್ತು. ಅದರಿಂದ ಏನಾಗ್ತದೆ ಅಂತ ಸುಮ್ಮನಿದ್ದೆವು” ಎಂದರು.

ಈ ಮಾತಿನಲ್ಲಿ ಎರಡು ನಂಬಿಕೆಗಳು ಬೆರೆತಿವೆ. ಎಲೆಯಿಂದ ಬಂದದ್ದು ಕೆಡುಕು ಮಾಡದು ಎಂಬುದು ಒಂದು. ಹದೀಸ್‌ಗಳಲ್ಲಿ ಹೆಸರಿರುವ ವಸ್ತುವನ್ನು ಪರೀಕ್ಷಿಸಬೇಕಿಲ್ಲ ಎಂಬುದು ಇನ್ನೊಂದು. ಎರಡನ್ನೂ ಬಿಡಿಸಿ ನೋಡುವುದು ಅಗತ್ಯ. ಏಕೆಂದರೆ ನಮ್ಮ ಮನೆಗಳಲ್ಲಿ ಇದರ ಬೆಲೆ ತೆರುವವರು ಹೆಚ್ಚಾಗಿ ಮಕ್ಕಳು.

ಮದರಂಗಿ ಗಿಡದ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ವಸ್ತುವಿದೆ. ಎಲೆಯನ್ನು ಅರೆದು ನಿಂಬೆಹುಳಿಯಲ್ಲಿ ಕಲಸಿಟ್ಟಾಗ ಅದು ಹೊರಬಂದು ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಎಷ್ಟು ತೊಳೆದರೂ ಬಣ್ಣ ಹೋಗದು, ಆ ಪದರ ತಾನಾಗಿ ಉದುರಿದಾಗ ಮಾತ್ರ ಮಾಸುತ್ತದೆ. ಅಂಗೈಯಲ್ಲೂ ಪಾದದಲ್ಲೂ ಈ ಪದರ ದಪ್ಪವಿರುವುದರಿಂದ ಅಲ್ಲಿ ಬಣ್ಣ ಹೆಚ್ಚು ಗಾಢ. ಈ ಕೆಲಸಕ್ಕೆ ಸಮಯ ಬೇಕು. ಕೆಲವು ಗಂಟೆಗಳ ಬಳಿಕ ಉದುರಿಸಿದಾಗ ಕಿತ್ತಳೆ, ಒಂದೆರಡು ದಿನಗಳಲ್ಲಿ ಕೆಂಗಂದು. ಹತ್ತು ನಿಮಿಷದಲ್ಲಿ ಕಡುಕಪ್ಪಾಗುವ ಶಕ್ತಿಯನ್ನು ಅಲ್ಲಾಹನು ಈ ಎಲೆಯಲ್ಲಿ ಇಟ್ಟಿಲ್ಲ.

ಹಾಗಾದರೆ ಆ ಕಪ್ಪು ಎಲ್ಲಿಂದ ಬಂತು? ‘ಕಪ್ಪು ಮದರಂಗಿ’ಯಲ್ಲಿ ಸಾಮಾನ್ಯವಾಗಿ ಸಿಗುವುದು ಪ್ಯಾರಾ ಫಿನೈಲೀನ್ ಡಯಾಮಿನ್, ಅಂದರೆ ಪಿಪಿಡಿ. ಇದು ತಲೆಕೂದಲಿಗೆ ಬಣ್ಣ ಹಾಕಲು ಬಳಸುವ ರಾಸಾಯನಿಕ. ಯುರೋಪಿನ ಕಾನೂನು ಇದನ್ನು ಕೂದಲಿನ ಬಣ್ಣದಲ್ಲಿ ಗರಿಷ್ಠ ಶೇ. 2ರಷ್ಟಕ್ಕೆ ಮಿತಿಗೊಳಿಸಿದೆ, ಚರ್ಮದ ಮೇಲೆ ಚಿತ್ರ ಬಿಡಿಸಲು ಅನುಮತಿಸಿಲ್ಲ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘವು 2006ರಲ್ಲಿ ಇದನ್ನೇ ಆ ವರ್ಷದ ಪ್ರಮುಖ ಅಲರ್ಜಿಕಾರಕವೆಂದು ಆರಿಸಿತು. ಗುಳ್ಳೆ ಒಂದೆರಡು ವಾರಗಳಲ್ಲಿ ಒಣಗಬಹುದು, ಆದರೆ ದೇಹ ಅದನ್ನು ಮರೆಯುವುದಿಲ್ಲ. ಒಮ್ಮೆ ಅಲರ್ಜಿ ಹುಟ್ಟಿತೆಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹತ್ತು ವರ್ಷದ ಹುಡುಗಿ ನಲ್ವತ್ತರಲ್ಲಿ ತಲೆಗೆ ಬಣ್ಣ ಹಾಕಿದಾಗ ಮುಖ, ಕಣ್ಣು ಊದಿಕೊಂಡು ಆಸ್ಪತ್ರೆ ಸೇರಬೇಕಾದೀತು.

ಕೂದಲಿನ ಮಾತು ಬಂದುದರಿಂದ ಒಂದು ವಿಷಯ. ಮಕ್ಕಾ ವಿಜಯದ ದಿನ ಅಬೂಬಕ್ಕರ್(ರ)ರ ವೃದ್ಧ ತಂದೆಯ ಬೆಳ್ಳಗಾದ ಕೂದಲನ್ನು ಕಂಡು, ಬಣ್ಣ ಬದಲಿಸಿರಿ, ಆದರೆ ಕಪ್ಪನ್ನು ದೂರವಿಡಿರಿ ಎಂಬರ್ಥದಲ್ಲಿ ಪ್ರವಾದಿ(ಸ) ಸೂಚಿಸಿದರೆಂದು ಹದೀಸ್‌ನಲ್ಲಿದೆ. ಅದರ ಕಾರಣ ರಸಾಯನಶಾಸ್ತ್ರವೆಂದು ನಾನು ವಾದಿಸುವುದಿಲ್ಲ. ಧರ್ಮದ ಪ್ರತಿಯೊಂದು ಆದೇಶಕ್ಕೂ ಪ್ರಯೋಗಾಲಯದ ಮುದ್ರೆ ಹುಡುಕುವ ಚಪಲ ಒಳ್ಳೆಯದಲ್ಲ. ಆದರೆ ಪೆಟ್ಟಿಗೆಯ ಮೇಲೆ ‘ಮೆಹಂದಿ’ ಎಂದು ಬರೆದ ಕಪ್ಪು ಪುಡಿಗಳಲ್ಲೂ ಪಿಪಿಡಿ ಇರುತ್ತದೆ. ಚಿಕ್ಕ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು.

ಶುದ್ಧ ಮದರಂಗಿಯೂ ಎಲ್ಲರಿಗೂ ಅಲ್ಲ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿಂದ ಹುಟ್ಟುವ ಮಕ್ಕಳಿದ್ದಾರೆ. ಅಂಥ ಶಿಶುವಿಗೆ ಮದರಂಗಿ ಹಚ್ಚಿದರೆ ಲಾಸೋನ್ ಚರ್ಮದ ಮೂಲಕ ಒಳಸೇರಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ಕಾಮಾಲೆ ಬರಬಲ್ಲದು. ಹಸುಗೂಸಿನ ಕಾಲಿಗೆ ಚೆಂದಕ್ಕೆಂದು ಮದರಂಗಿ ಇಡುವ ಅಜ್ಜಿಯಂದಿರು ಇದನ್ನು ತಿಳಿಯಬೇಕು.

ಸುರ್ಮಾದ ವಿಷಯ ಇನ್ನೂ ಗಂಭೀರ. ಹದೀಸ್‌ಗಳಲ್ಲಿ ಪ್ರಶಂಸೆ ಇರುವುದು ‘ಇಸ್ಮಿದ್’ ಎಂಬ ಕಲ್ಲಿನ ಸುರ್ಮಾಕ್ಕೆ. ಇದನ್ನು ಆಂಟಿಮನಿಯ ಖನಿಜವೆಂದು ಹಲವರು ಅರ್ಥೈಸಿದ್ದಾರೆ. ಆದರೆ ಅರಬ್ ದೇಶಗಳ ಮಾರುಕಟ್ಟೆಗಳಿಂದ ತಂದ ಸುರ್ಮಾಗಳನ್ನು ಪರೀಕ್ಷಿಸಿದಾಗ ಅನೇಕ ಮಾದರಿಗಳಲ್ಲಿ ಮುಖ್ಯವಾಗಿ ಕಂಡದ್ದು ಗೆಲೀನಾ, ಅಂದರೆ ಸೀಸದ ಸಲ್ಫೈಡ್. ಎರಡೂ ಕಪ್ಪು, ಎರಡೂ ಹೊಳೆಯುವಂಥವು. ಕಣ್ಣಿನಿಂದ ನೋಡಿ ಪ್ರತ್ಯೇಕಿಸುವುದು ಕಷ್ಟ. ಮಗು ಕಣ್ಣುಜ್ಜಿ ಅದೇ ಬೆರಳನ್ನು ಬಾಯಿಗಿಡುತ್ತದೆ, ಸೀಸ ಹೊಟ್ಟೆಯ ಮೂಲಕ ರಕ್ತಕ್ಕೆ ಸೇರುತ್ತದೆ. ಬೆಳೆಯುವ ಮೆದುಳಿಗೆ ಅದು ಶತ್ರು. ಕಲಿಕೆ, ಗಮನ, ಬುದ್ಧಿಶಕ್ತಿ ಕುಂದುತ್ತವೆ. ಮಗುವಿನ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೃಷ್ಟಿ ತಾಗದಿರಲೆಂದು ಕೂಸಿನ ಕಣ್ಣಿಗೆ ದಿನವೂ ಸುರ್ಮಾ ಎಳೆಯುವ ತಾಯಿ ಯಾವುದನ್ನು ತಡೆದಳು, ಯಾವುದನ್ನು ಬರಮಾಡಿಕೊಂಡಳು? ಸುನ್ನತ್ ಎಂದು ಹೆಸರಿಸುವ ಮೊದಲು ಡಬ್ಬಿಯಲ್ಲಿರುವುದು ಅದೇ ವಸ್ತುವೇ ಎಂದು ಕೇಳಬೇಕಾದುದು ಈಮಾನಿನ ಕೊರತೆಯಲ್ಲ. ವೈದ್ಯ ತಿಳಿಯದೆ ಚಿಕಿತ್ಸೆಗೆ ಕೈಹಾಕಿದವನು ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ) ಕಲಿಸಿದ್ದಾರೆ. ಮಾರುವವನೂ ಹಚ್ಚುವವರೂ ಈ ಹೊಣೆಯ ಬಗ್ಗೆ ಯೋಚಿಸಲಿ.

ಮಿಸ್ವಾಕ್‌ನ ವಿಷಯದಲ್ಲಿ ಮಾತ್ರ ಸಂತೋಷದ ಸುದ್ದಿಯಿದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2011ರಲ್ಲಿ ಈ ಬೇರಿನಲ್ಲಿರುವ ಬೆಂಜೈಲ್ ಐಸೋಥಯೋಸಯನೇಟ್ ಎಂಬ ವಸ್ತು ವಸಡಿನ ರೋಗ ತರುವ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ತೋರಿಸಿದರು. ತಾಜಾ ಮಿಸ್ವಾಕ್ ಅಗಿದಾಗ ನಾಲಗೆಗೆ ತಾಗುವ ಖಾರ ಇದರದ್ದೇ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 15 ಮಂದಿ ಸೌದಿ ಯುವಕರಿಗೆ ಸರಿಯಾದ ಕ್ರಮ ಕಲಿಸಿ ನೋಡಿದಾಗ ಮಿಸ್ವಾಕ್ ಬ್ರಶ್‌ಗಿಂತ ಚೆನ್ನಾಗಿ ಹಲ್ಲಿನ ಪಾಚಿ ತೆಗೆಯಿತು. ಹದಿನೈದು ಮಂದಿ ಎಂದರೆ ಸಣ್ಣ ಸಂಖ್ಯೆ, ‘ಕ್ರಮ ಕಲಿಸಿ’ ಎಂಬುದೂ ಮುಖ್ಯ. ಮುಂದಿನ ನಾಲ್ಕು ಹಲ್ಲಿಗೆ ಎರಡು ಸಲ ಎಳೆದು ಜೇಬಿಗಿಡುವುದು ನಮ್ಮ ಅಭ್ಯಾಸ! ಒಣಗಿ ಗಟ್ಟಿಯಾದ ಕಡ್ಡಿಯಿಂದ ಒತ್ತಿ ಉಜ್ಜಿದರೆ ವಸಡು ಹಿಂದೆ ಸರಿಯುತ್ತದೆ. ನಾರು ಮೆದುವಾಗಿರಬೇಕು, ಸವೆದ ತುದಿಯನ್ನು ಕತ್ತರಿಸಬೇಕು, ದವಡೆ ಹಲ್ಲಿನ ಒಳಬದಿಗೂ ತಲುಪಬೇಕು.

ಕೊನೆಗೆ ಜೇನು. ಅದರಲ್ಲಿ ಜನರಿಗೆ ಶಮನವಿದೆಯೆಂದು ಕುರ್‌ಆನಿನ ಅನ್ನಹ್ಲ್ ಅಧ್ಯಾಯ ತಿಳಿಸುತ್ತದೆ. 2007ರಲ್ಲಿ ಅಮೆರಿಕದಲ್ಲಿ 105 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಮಲಗುವ ಮುನ್ನ ಜೇನು ಕೊಟ್ಟ ಮಕ್ಕಳ ರಾತ್ರಿಯ ಕೆಮ್ಮು, ಏನೂ ಕೊಡದವರಿಗಿಂತ ಚೆನ್ನಾಗಿ ಇಳಿಯಿತು. ಆದರೆ ಆ ಮಕ್ಕಳೆಲ್ಲರೂ ಎರಡು ವರ್ಷ ದಾಟಿದವರು. ಜೇನಿನಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆಯುತ್ತದೆ, ವರ್ಷ ತುಂಬದ ಶಿಶುವಿನ ಕರುಳಿನಲ್ಲಿ ಅವು ಮೊಳೆತು ವಿಷ ಉತ್ಪಾದಿಸಬಲ್ಲವು. ಮಗು ಹಾಲು ಚೀಪಲಾರದೆ, ಅಳಲಾರದೆ ಸೋಲುತ್ತದೆ, ಉಸಿರಾಟವೂ ನಿಲ್ಲಬಹುದು. ಕುದಿಸಿದರೂ ಬೀಜಕಣ ಸಾಯದು. ನಮ್ಮಲ್ಲಿ ನವಜಾತ ಶಿಶುವಿನ ತಹ್ನೀಕ್‌ಗೆ ಜೇನು ನೆಕ್ಕಿಸುವ ರೂಢಿ ಹಲವೆಡೆ ಇದೆ. ಅಬ್ದುಲ್ಲಾಹ್ ಇಬ್ನು ಝುಬೈರ್(ರ) ಜನಿಸಿದಾಗ ಪ್ರವಾದಿ(ಸ) ಬಳಸಿದ್ದು ಖರ್ಜೂರವನ್ನು, ಜೇನನ್ನಲ್ಲ. ತೊಳೆದ ಕೈಯಿಂದ, ನಾರು ತೆಗೆದು ನುಣ್ಣಗೆ ಮಾಡಿದ ಖರ್ಜೂರವನ್ನು ಬೆರಳ ತುದಿಗೆ ಅಂಟುವಷ್ಟೇ ತೆಗೆದು ಅಂಗುಳಿಗೆ ಸವರಿದರೆ ಸಾಕು. ಜೇನಿನ ಬಾಟಲಿ ಮಗುವಿಗೆ ವರ್ಷ ತುಂಬುವವರೆಗೆ ಕಪಾಟಿನಲ್ಲೇ ಇರಲಿ.